ರಕ್ತದ ಸಕ್ಕರೆ ಕುಸಿಯುವುದರಿಂದ ಮಧುಮೇಹಿಗಳ ದಿನಚರಿಗೆ ಏನು ತೊಂದರೆ?

ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ (ದೇಹದಲ್ಲಿ ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ ಮಧುಮೇಹದ ಔಷಧಿ) ತೆಗೆದುಕೊಳ್ಳುವವರಲ್ಲಿ ಈ ತೊಂದರೆ ಹೆಚ್ಚು. ಸಕ್ಕರೆಯ ಮಟ್ಟ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಸಾಮಾನ್ಯವಾಗಿ ಕೈನಡುಕ, ಬೆವರು, ಎದೆಬಡಿತ ಕಾಣಿಸಿಕೊಳ್ಳುತ್ತವೆ. 54ಕ್ಕಿಂತಲೂ ಕೆಳಗಿಳಿದರೆ, ಮಿದುಳು ಮುಖ್ಯವಾಗಿ ಗ್ಲೂಕೋಸನ್ನೇ ನೆಚ್ಚಿಕೊಂಡಿರುವುದರಿಂದ, ಗಮನ ಚದುರಿ, ಮಾತು ತಡವರಿಸಿ, ಕಾರಣವಿಲ್ಲದ ಸಿಡುಕು ಮೂಡಬಹುದು, ವಾಹನ ಓಡಿಸುವುದಂತೂ ಅಪಾಯಕರ. ರಾತ್ರಿ ಕುಸಿದರೆ ನಿದ್ದೆ ಕೆಟ್ಟು ಬೆಳಿಗ್ಗೆ ತಲೆನೋವು, ಆಯಾಸ ಉಳಿಯುತ್ತವೆ.

ಯಾರೂ ಅಷ್ಟಾಗಿ ಮಾತನಾಡದ ಸಂಗತಿಯೆಂದರೆ ಭಯ: ಮತ್ತೆ ಕುಸಿದೀತೆಂಬ ಆತಂಕದಿಂದ ಕೆಲವರು ವ್ಯಾಯಾಮ ಬಿಡುತ್ತಾರೆ, ಔಷಧಿಯನ್ನು ತಾವೇ ತಗ್ಗಿಸಿ ಸಕ್ಕರೆಯನ್ನು ಬೇಕೆಂದೇ ಏರಿಸಿಟ್ಟುಕೊಳ್ಳುತ್ತಾರೆ. ಪದೇ ಪದೇ ಕುಸಿತ ಕಂಡವರಲ್ಲಿ ಮುನ್ಸೂಚನೆಗಳೇ ಮಂಕಾಗುವುದುಂಟು (ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಕೊಡುವ ಬೀಟಾ ಬ್ಲಾಕರ್ ಔಷಧಿಗಳೂ ನಡುಕವನ್ನು ಮರೆಮಾಚಬಹುದು); ಅಂಥವರು ವೈದ್ಯರಿಗೆ ತಿಳಿಸಲೇಬೇಕು. ಸಕ್ಕರೆ ಕುಸಿದಾಗ ಪ್ರಜ್ಞೆಯಿದ್ದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.