ತತ್ತಿ ತುಂಬಿದ ರೋಹುವನ್ನು ಬಿಡಬೇಕಿತ್ತೇ?

ಆಲಮಟ್ಟಿ ಹಿನ್ನೀರಿನಲ್ಲಿ ರವಿವಾರ ಗಾಳಕ್ಕೆ ಸಿಕ್ಕ ನಾಲ್ಕು ಕಿಲೋ ರೋಹುವನ್ನು ಕೊಯ್ದಾಗ ತತ್ತಿ ಕಂಡಿತು, ಬಿಡಬೇಕಿತ್ತೇ ಎಂದು ಕೇಳಿದ್ದೀರಿ. ಬಿಡಬೇಕಿತ್ತು ಸರ್. ರೋಹು, ಕಾಟ್ಲಾ, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನಲ್ಲಿ ಕೃಷ್ಣೆಗೆ ಕೆಂಪು ನೀರು ಬಂದಾಗ ಹರಿವಿಗೆ ಎದುರಾಗಿ ಹೋಗಿ ತತ್ತಿ ಇಡುತ್ತವೆ. ಆ ಗಾತ್ರದ ಹೆಣ್ಣಿನಲ್ಲಿ ಲಕ್ಷಗಟ್ಟಲೆ ತತ್ತಿ ಇರುತ್ತದೆ. ಆ ದಿನಗಳಲ್ಲಿ ಹೊಟ್ಟೆ ಉಬ್ಬಿ ಮೆತ್ತಗಿದ್ದರೆ ಬಸುರಿ ಎಂದೇ ತಿಳಿಯಿರಿ. ನಾನಂತೂ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳವನ್ನು ಅಟ್ಟಕ್ಕೆ ಏರಿಸುತ್ತೇನೆ (ಮನೆಯವರಿಗೆ ಅದೇ ಹಬ್ಬ).

ಉಳಿದ ತಿಂಗಳಲ್ಲಿ ಕೊಕ್ಕೆಯ ಹಿಮ್ಮುಳ್ಳನ್ನು (ತುದಿಯ ಬಳಿ ಹಿಂದಕ್ಕೆ ಚಾಚಿದ ಮುಳ್ಳು) ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ; ಒಣ ಕೈಗೆ ಮೈಯ ಲೋಳೆ ಕಿತ್ತು ಬಂದರೆ ಮೀನಿಗೆ ರೋಗ ಹತ್ತುತ್ತದೆ. ಜಿಲೇಬಿ ಮೀನಿಗೆ (ತಿಲಾಪಿಯಾ) ಮಾತ್ರ ದಯೆ ಬೇಡ. ಅದು ಹೊರದೇಶದಿಂದ ಬಂದು ಇಲ್ಲಿ ಬೇರೂರಿದ್ದು. ನೇರವಾಗಿ ಸಾರಿಗೆ ಹಾಕಿ.