ಒತ್ತಡ ಏರಿದರೆ ಕಿರುಧಮನಿ ಕುಗ್ಗುವುದೇಕೆ?

ಚಿತ್ರದುರ್ಗದ ನರ್ಸಿಂಗ್ ವಿದ್ಯಾರ್ಥಿನಿಗೆ,

ರಕ್ತದೊತ್ತಡ ಹೆಚ್ಚಾದರೆ ರಕ್ತನಾಳ ಸೈಕಲ್ ಟ್ಯೂಬಿನಂತೆ ಉಬ್ಬಬೇಕಲ್ಲವೇ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಮಹಾಪಧಮನಿ ಉಬ್ಬುತ್ತದೆ, ನಿಜ. ಕಿರುಧಮನಿ, ಅಂದರೆ ಧಮನಿಯ ಕೊನೆಯ ಸಣ್ಣ ಕವಲು, ಹಾಗಲ್ಲ. ಅದರ ಗೋಡೆಯ ನಯಸ್ನಾಯು (ನಮ್ಮ ಇಚ್ಛೆಗೆ ಒಳಪಡದ ಸ್ನಾಯು) ಕೋಶಗಳನ್ನು ಒತ್ತಡ ಹಿಗ್ಗಿಸಿದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಇದಕ್ಕೆ ನರದ ಅಪ್ಪಣೆಯೇ ಬೇಕಿಲ್ಲ! ಬ್ರಿಟಿಷ್ ಶರೀರಶಾಸ್ತ್ರಜ್ಞ ಬೇಲಿಸ್ 1902ರಲ್ಲೇ ಇದನ್ನು ವಿವರಿಸಿದ್ದರು.

ಎಷ್ಟು ಕುಗ್ಗಿದರೆ ಎಷ್ಟು ಪರಿಣಾಮ ಅನ್ನೋದನ್ನು ದಯವಿಟ್ಟು ಲೆಕ್ಕ ಹಾಕಿಯೇ ನೋಡಿ. ಹರಿವು ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯ ಶೇ 10 ಇಳಿದರೆ 0.9ರ ನಾಲ್ಕನೇ ಘಾತ, ಅಂದರೆ ಸುಮಾರು 0.66. ಒತ್ತಡ ಅಷ್ಟೇ ಇದ್ದರೂ ಮೂರನೇ ಒಂದು ಪಾಲು ರಕ್ತ ಕಡಿಮೆ ಹರಿಯುತ್ತದೆ. ಹೀಗಾಗಿಯೇ ಒತ್ತಡ ಏರಿದಾಗಲೂ ಕಿರುಧಮನಿಯ ಮುಂದಿರುವ, ಕೂದಲಿಗಿಂತ ತೆಳುವಾದ ಲೋಮನಾಳಗಳಿಗೆ ಪೆಟ್ಟು ಬೀಳುವುದಿಲ್ಲ.

ಈ ಸ್ನಾಯು ದಿನವಿಡೀ ಬಿಗಿದಿದ್ದರೂ ದಣಿಯುವುದಿಲ್ಲವೇ ಅಂದಿರಿ. ಸ್ನಾಯು ಬಿಗಿಯುವುದು ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದೆಳೆದಾಗ; ಇಲ್ಲಿ ಅದು ಹಿಡಿದರೆ ನಿಧಾನವಾಗಿ ಬಿಡುತ್ತದೆ, ಕೋಶದ ಇಂಧನವಾದ ಎಟಿಪಿಯ ಖರ್ಚು ತೀರಾ ಕಡಿಮೆ. ನಮ್ಮ ತೋಳಿನ ಸ್ನಾಯುವಿಗೆ ಈ ಸೌಲಭ್ಯವಿಲ್ಲ.

ಬಿಪಿ ಪಟ್ಟಿ ಸ್ವಲ್ಪ ಹೊತ್ತು ಬಿಗಿದು ಬಿಟ್ಟಾಗ ಅಂಗೈ ಕೆಂಪೇರುವುದನ್ನು ವಾರ್ಡಿನಲ್ಲಿ ಗಮನಿಸಿ. ಹರಿವು ನಿಂತಾಗ ಸಡಿಲವಾದ ಕಿರುಧಮನಿಗಳಿಗೆ ರಕ್ತ ಒಮ್ಮೆಲೇ ನುಗ್ಗುವುದು ಅದು. ದಾವಣಗೆರೆಗೆ ಬಂದರೆ ತಿಳಿಸಿ, ಗ್ರಾಫ್ ಬರೆದು ತೋರಿಸುತ್ತೇನೆ.