ಕ್ವೀನ್ ಲೈವ್‌ಗಳಲ್ಲಿ ಫ್ರೆಡ್ಡಿ ಮರ್ಕ್ಯುರಿಯ ಗಾಯನ ಅತ್ಯುತ್ತಮವಾಗಿರುವುದು ಯಾವುದರಲ್ಲಿ?

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಕಾರ್ಯಕ್ರಮಗಳಲ್ಲಿ ನೀವು ಲೈವ್ ಏಡ್ (1985ರ ಸಹಾಯಾರ್ಥ ಸಂಗೀತ ಕಾರ್ಯಕ್ರಮ) ಒಂದನ್ನೇ ನೋಡಿದ್ದೀರಿ, ಆದರೆ ಅಭಿಮಾನಿಗಳು ಮಾಂಟ್ರಿಯಲ್ ಎನ್ನುತ್ತಾರೆ, ಮಿಲ್ಟನ್ ಕೀನ್ಸ್ ಎನ್ನುತ್ತಾರೆ, 1986ರ ವೆಂಬ್ಲಿ ಎನ್ನುತ್ತಾರೆ, ಯಾವುದನ್ನು ನಂಬುವುದು ಎಂದು ಕೇಳಿದ್ದೀರಿ. ಬರೀ ಕಂಠವನ್ನೇ ಲೆಕ್ಕಕ್ಕೆ ಹಿಡಿದರೆ ನನ್ನ ಉತ್ತರ ಮಾಂಟ್ರಿಯಲ್, 1981ರ ನವೆಂಬರ್ 24 ಮತ್ತು 25. ಜನರನ್ನು ದನಿಯಿಂದಲೇ ಆಡಿಸಿದ್ದಕ್ಕೆ ಲೈವ್ ಏಡ್. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಬೆರೆಸಿಕೊಂಡು ಕೂತರೆ ವಾದ ಮುಗಿಯುವುದೇ ಇಲ್ಲ.

ಫ್ರೆಡ್ಡಿಯ ಗಂಟಲಿನ ಸ್ಥಿತಿ ಗೊತ್ತಿಲ್ಲದೆ ಹೋಲಿಕೆಗೆ ಇಳಿಯಬೇಡಿ. ಎಪ್ಪತ್ತರ ದಶಕದಿಂದಲೇ ಸ್ವರತಂತುಗಳ ಮೇಲಿನ ಗಂಟಿನ ತೊಂದರೆ ಅವನಿಗಿತ್ತು. 1975ರ ಅಮೆರಿಕ ಪ್ರವಾಸದಲ್ಲಿ ಅದೇ ಕಾರಣಕ್ಕೆ ಕೆಲವು ಕಾರ್ಯಕ್ರಮಗಳನ್ನು ಕೈಬಿಡಬೇಕಾಯಿತು. ಗಂಟಿದ್ದಾಗ ತಂತುಗಳು ಪೂರ್ತಿ ಕೂಡುವುದಿಲ್ಲ, ಉಸಿರು ಸೋರುತ್ತದೆ. ಮೊದಲು ಕೈಕೊಡುವುದು ತಾರಸ್ಥಾಯಿಯಲ್ಲಿ ಮೆಲ್ಲಗೆ ಹಾಡಬೇಕಾದ ಜಾಗ. ಸಾಲುಸಾಲು ರಾತ್ರಿ ಎರಡೆರಡು ಗಂಟೆ ಹಾಡಿದರೆ ಇದು ಇನ್ನಷ್ಟು ಹದಗೆಡುತ್ತದೆ. ಹಾಗಾಗಿ ಯಾವುದೇ ಲೈವ್ ಕೇಳುವ ಮುಂಚೆ, ಅದಕ್ಕೂ ಹಿಂದಿನ ಕಾರ್ಯಕ್ರಮಕ್ಕೂ ಎಷ್ಟು ದಿನ ಅಂತರವಿತ್ತು ನೋಡಿ. ಮಾಂಟ್ರಿಯಲ್‌ಗೆ ಮುಂಚೆ ಅವರ ಲ್ಯಾಟಿನ್ ಅಮೆರಿಕ ಪ್ರವಾಸ ಅಕ್ಟೋಬರ್ ಮಧ್ಯಕ್ಕೇ ಮುಗಿದಿತ್ತು. ಐದು ವಾರ ಆರಿದ ಗಂಟಲು ಅದು, ಕೇಳಿದರೆ ತಿಳಿಯುತ್ತದೆ. ಲೈವ್ ಏಡ್‌ಗೆ ಮುಂಚೆಯೂ ಸುಮಾರು ಎರಡು ತಿಂಗಳ ಬಿಡುವಿತ್ತು, ಮೇಲಾಗಿ ಅಲ್ಲಿ ಹಾಡಬೇಕಿದ್ದದ್ದು 20 ನಿಮಿಷ ಚಿಲ್ಲರೆ. ದಮ್ಮು ಉಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಮಾಂಟ್ರಿಯಲ್‌ನಲ್ಲಿ ಮೊದಲು ಕೇಳಬೇಕಾದದ್ದು ‘ಸಮ್‌ಬಡಿ ಟು ಲವ್’. 1976ರ ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಫ್ರೆಡ್ಡಿ, ಗಿಟಾರಿನ ಬ್ರಯಾನ್ ಮೇ, ಡ್ರಮ್ಸಿನ ರೋಜರ್ ಟೇಲರ್ ಮೂವರೇ ತಮ್ಮ ದನಿಯನ್ನು ಪದರದ ಮೇಲೆ ಪದರ ಹಾಕಿ ಚರ್ಚಿನ ಗಾಯನವೃಂದದಂತೆ ಕೇಳಿಸಿದ್ದರು. ವೇದಿಕೆಯಲ್ಲಿ ಆ ಪದರಗಳಿಲ್ಲ, ಹಾಡಿನ ಭಾರ ಹೆಚ್ಚಾಗಿ ಒಂದು ಕಂಠದ ಮೇಲೆ. ಅದೂ ಪಿಯಾನೋ ನುಡಿಸುತ್ತಾ, ಕೂತು. ಕೂತು ಹಾಡುವಾಗ ಹೊಟ್ಟೆ ಮಡಿಚಿಕೊಳ್ಳುತ್ತದೆ, ಉಸಿರು ಪೂರ್ತಿ ತುಂಬುವುದಿಲ್ಲ; ಹಾಗಿದ್ದೂ ಮೇಲಿನ ಸ್ವರಗಳನ್ನು ಕಳ್ಳದನಿಗೆ (ಫಾಲ್ಸೆಟೊ, ತೆಳುವಾದ ಮೇಲುದನಿ) ಜಾರದೆ ತುಂಬು ಕಂಠದಲ್ಲೇ ಹಿಡಿಯುತ್ತಾನೆ. ಎಷ್ಟು ಎತ್ತರದ ಸ್ವರ ಮುಟ್ಟಿದ ಎನ್ನುವುದಕ್ಕಿಂತ ಸ್ವರವನ್ನು ಬಿಡುವ ರೀತಿ ಗಮನಿಸಿ. ಗಂಟಲು ದಣಿದ ರಾತ್ರಿಗಳಲ್ಲಿ ಸಾಲಿನ ಕೊನೆಯನ್ನು ಕತ್ತರಿಸಿ ಬಿಸಾಡಿದಂತೆ ಬಿಡುತ್ತಾನೆ. ಮಾಂಟ್ರಿಯಲ್‌ನಲ್ಲಿ ಸಾಲು ಕೊನೆಯವರೆಗೂ ನಿಲ್ಲುತ್ತದೆ, ಕಂಪನ ಶುರುವಾಗುತ್ತದೆ, ಆಮೇಲೆ ಆರುತ್ತದೆ. ‘ಸೇವ್ ಮಿ’, ‘ಪ್ಲೇ ದ ಗೇಮ್’ ಎರಡರಲ್ಲೂ ಇದೇ ಗುಣ ಇದೆ.

ಆ ಕಂಪನದ ಬಗ್ಗೆ ಒಂದು ಮಾತು. 2016ರಲ್ಲಿ ಪ್ರಕಟವಾದ ಒಂದು ಧ್ವನಿ ಅಧ್ಯಯನ ಅವನ ಕಂಪನದ ವೇಗವನ್ನು ಅಳೆಯಿತು: ಸೆಕೆಂಡಿಗೆ ಸರಾಸರಿ 7.04 ಸಲ. ಸಾಮಾನ್ಯ ಗಾಯಕರಲ್ಲಿ ಇದು 5.4ರಿಂದ 6.9ರ ಒಳಗಿರುತ್ತದೆ. ಅವನು ಮಾತಾಡುವ ದನಿಯ ಮಧ್ಯಕ (ಮೀಡಿಯನ್) ಶ್ರುತಿ 117.3 ಹರ್ಟ್ಸ್, ಅಂದರೆ ಹುಟ್ಟಾ ಟೆನರ್ (ಎತ್ತರದ ಗಂಡುದನಿ) ಅಲ್ಲ, ಅದಕ್ಕಿಂತ ಕೆಳಗಿನ ಬ್ಯಾರಿಟೋನ್ ಶಾರೀರ ಇರಬೇಕು ಎಂಬ ಸೂಚನೆಯೂ ಅದರಲ್ಲಿದೆ. ಆ ಶಾರೀರ ಇಟ್ಟುಕೊಂಡು ಟೆನರ್ ಜಾಗದಲ್ಲಿ ವರ್ಷಗಟ್ಟಲೆ ಹಾಡಿದ. ಆ ಒರಟು ಗುಡುಗು ದನಿಯ ಹಿಂದೆ ನಿಜವಾದ ಸ್ವರತಂತುಗಳ ಮೇಲಿರುವ ಇನ್ನೊಂದು ಜೋಡಿ ಮಡಿಕೆಗಳೂ ಜೊತೆಗೆ ಅದುರುತ್ತವೆ ಎಂಬುದು ಅದೇ ಅಧ್ಯಯನದ ವಿವರಣೆ. ಲೈವ್‌ನಲ್ಲಿ ಆ ಗುಡುಗು ಕೇಳಿದ ತಕ್ಷಣ ಗಂಟಲು ಕೆಟ್ಟಿದೆ ಎನ್ನುವವರಿದ್ದಾರೆ. ಬಹಳ ಸಲ ಅದು ಬೇಕೆಂದೇ ಮಾಡಿದ್ದು. ಒತ್ತು ಬೀಳುವ ಪದದಲ್ಲಿ ಮಾತ್ರ ಬಂದು ಮುಂದಿನ ಪದಕ್ಕೆ ದನಿ ತಿಳಿಯಾದರೆ ಬೇಕೆಂದೇ ಮಾಡಿದ್ದು. ಸಾಲಿಡೀ ಕರಕರ ಎನ್ನುತ್ತಿದ್ದರೆ ದಣಿವು.

ಇನ್ನು ಲೈವ್ ಏಡ್: 1985ರ ಜುಲೈ 13, ವೆಂಬ್ಲಿ ಕ್ರೀಡಾಂಗಣ, ಎದುರಿಗೆ 72,000 ಜನ. ‘ರೇಡಿಯೋ ಗಾ ಗಾ’ ಮತ್ತು ‘ಹ್ಯಾಮರ್ ಟು ಫಾಲ್’ ನಡುವೆ ವಾದ್ಯಗಳೆಲ್ಲ ನಿಂತು ಬರೀ ದನಿಯಲ್ಲಿ ‘ಏ...ಓ’ ಎಂದು ಕರೆದು ಜನರಿಂದ ಹೇಳಿಸುತ್ತಾನಲ್ಲ, ಒಂದು ನಿಮಿಷವೂ ಹಿಡಿಯದ ಆ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ. ಕ್ರೀಡಾಂಗಣದಲ್ಲಿ 100 ಮೀಟರ್ ಆಚೆ ಇರುವವನಿಗೆ ಶಬ್ದ ಮುಟ್ಟಲು ಸುಮಾರು 0.3 ಸೆಕೆಂಡ್ ಬೇಕು, ಅವನ ಕೂಗು ವೇದಿಕೆಗೆ ವಾಪಸ್ ಬರಲು ಇನ್ನೊಂದು 0.3. ಹಾಗಾಗಿ ಜನರ ಉತ್ತರ ಒಂದೇ ಏಟಿಗೆ ಬರುವುದಿಲ್ಲ, ಅಲೆಯಂತೆ ಎಳೆದುಕೊಂಡು ಬರುತ್ತದೆ. ಫ್ರೆಡ್ಡಿ ಆ ಅಲೆಯ ಬಾಲ ಮುಗಿಯುವವರೆಗೆ ಕಾಯುತ್ತಾನೆ, ಒಮ್ಮೆಯೂ ಮೇಲೆ ಬಿದ್ದು ಹಾಡುವುದಿಲ್ಲ. ಮೊದಲು ಯಾರಾದರೂ ಹೇಳಬಹುದಾದ ಚಿಕ್ಕ ತುಣುಕು. ಆಮೇಲೆ ಒಂದೇ ಸ್ವರದ ಮೇಲೆ ಉದ್ದ ಕಾರ್ವೆ, ಬಳುಕುವ ತುಣುಕುಗಳು. ಕ್ರಮ ತಿರುಗುಮುರುಗಾಗಿದ್ದರೆ ಜನ ಎರಡನೇ ಸಲಕ್ಕೇ ಸುಮ್ಮನಾಗುತ್ತಿದ್ದರು. ಇಷ್ಟು ಲೆಕ್ಕಾಚಾರವನ್ನು ನಿಂತ ನಿಲುವಿನಲ್ಲಿ ಮಾಡಿದ್ದಕ್ಕೇ ನನಗೆ ಅದು ದೊಡ್ಡದು.

ಮಿಲ್ಟನ್ ಕೀನ್ಸ್ (1982ರ ಜೂನ್ 5) ಪಕ್ಷದವರ ಮಾತಿನಲ್ಲೂ ಹುರುಳಿದೆ. ದನಿ ಅಲ್ಲಿ ಹೆಚ್ಚು ಒರಟು, ಹೆಚ್ಚು ಗಟ್ಟಿ. ತಿಳಿಯಾದ ಕಂಠಕ್ಕಿಂತ ಕಸುವು ಮುಖ್ಯ ಎನ್ನುವವರಿಗೆ ಅದೇ ಮೇಲು. ಎಳೆಯ, ತೆಳುವಾದ, ಕಳ್ಳದನಿಗೆ ಸಲೀಸಾಗಿ ಜಾರುವ ಫ್ರೆಡ್ಡಿ ಬೇಕಿದ್ದರೆ 1975ರ ಡಿಸೆಂಬರ್ 24ರ ಹ್ಯಾಮರ್‌ಸ್ಮಿತ್ ಓಡಿಯನ್, ಬಿಬಿಸಿ ಪ್ರಸಾರ ಮಾಡಿದ್ದು. 1986ರ ವೆಂಬ್ಲಿಯನ್ನು ನಾನು ಸ್ವಲ್ಪ ಕೆಳಗೇ ಇಡುತ್ತೇನೆ. ದೃಶ್ಯವಾಗಿ ಅದ್ಭುತ, ಆದರೆ ಜೂನ್ 7ಕ್ಕೆ ಶುರುವಾದ ಪ್ರವಾಸದ ಐದನೇ ವಾರ ಅದು.

ಅದೇ ಪ್ರವಾಸದ ಬುಡಾಪೆಸ್ಟ್, ಜುಲೈ 27, ಈ ಚರ್ಚೆಗಳಲ್ಲಿ ಯಾಕೋ ಹಿಂದೆ ಬೀಳುತ್ತದೆ. ಅಲ್ಲಿ ಅವನು ಹಂಗೇರಿಯ ಒಂದು ಜನಪದ ಗೀತೆಯನ್ನು ಅವರ ಭಾಷೆಯಲ್ಲೇ ಹಾಡಿದ. ವಿಡಿಯೋದಲ್ಲಿ ಅಂಗೈ ನೋಡಿ: ಪದಗಳನ್ನು ಅಲ್ಲಿ ಬರೆದುಕೊಂಡಿದ್ದಾನೆ, ಒಂದೊಂದು ಸಾಲಿಗೂ ಕಣ್ಣು ಅತ್ತ ಹೋಗುತ್ತದೆ. ಗೊತ್ತಿಲ್ಲದ ಭಾಷೆಯ ಉಚ್ಚಾರದ ಕಡೆ ಗಮನವಿದ್ದರೂ ಶ್ರುತಿ ಅಲುಗುವುದಿಲ್ಲ. ಜನ ಮೊದಲ ಸಾಲಿಗೇ ಸೇರಿಕೊಳ್ಳುತ್ತಾರೆ.

ಹೋಲಿಸುವಾಗ ಕಿವಿಗೆ ಮೋಸವಾಗುವ ಕೆಲವು ಜಾಗಗಳಿವೆ. ‘ಬೊಹೀಮಿಯನ್ ರಾಪ್ಸೊಡಿ’ಯ ನಡುವಿನ ಒಪೆರಾ ಭಾಗ ಲೈವ್‌ನಲ್ಲಿ ಟೇಪಿನಿಂದ ಬರುತ್ತಿತ್ತು, ಅದಕ್ಕೆ ಅಂಕ ಕೊಡಬೇಡಿ, ಲೈವ್ ಏಡ್‌ನಲ್ಲಿ ಆ ಭಾಗಕ್ಕೆ ಹೋಗಲೇ ಇಲ್ಲ. ‘ಲವ್ ಆಫ್ ಮೈ ಲೈಫ್’ ಸ್ಟುಡಿಯೋಗಿಂತ ಮೂರು ಅರ್ಧಸ್ವರ ಕೆಳಗಿನ ಶ್ರುತಿಯಲ್ಲಿ, ಮೇ ಅವರ 12 ತಂತಿಯ ಗಿಟಾರಿಗೆ ಹಾಡಿದ್ದು, ಹಾಗಾಗಿ ಸ್ಟುಡಿಯೋ ಜೊತೆ ಹೋಲಿಕೆಯೇ ಇಲ್ಲ. ‘ವಿ ಆರ್ ದ ಚಾಂಪಿಯನ್ಸ್’ ಸ್ಟುಡಿಯೋದಲ್ಲಿ ಸಿ5ವರೆಗೆ (ಪಿಯಾನೋದ ನಡುವಿನ ಸಿಗಿಂತ ಒಂದು ಸ್ಥಾಯಿ ಮೇಲೆ) ಏರುತ್ತದೆ. ವೇದಿಕೆಯಲ್ಲಿ ಸಾಮಾನ್ಯವಾಗಿ ಫ್ರೆಡ್ಡಿ ಕೆಳಗಿನ ದಾರಿ ಹಿಡಿದು ಮೇಲಿನದನ್ನು ಟೇಲರ್‌ಗೆ ಬಿಡುತ್ತಿದ್ದ. ಮರುದಿನವೂ ಹಾಡಬೇಕಾದವನ ಜಾಣತನ ಅದು, ಸೋಲಲ್ಲ. 1984ರ ಸ್ವಿಟ್ಜರ್‌ಲ್ಯಾಂಡಿನ ಮೊಂಟ್ರೊ ಉತ್ಸವದ ತುಣುಕುಗಳು ಬರೀ ತುಟಿ ಆಡಿಸಿದ್ದು, ಅವನ್ನು ಲೈವ್ ಎಂದು ಎಣಿಸಲೇಬೇಡಿ. ಮಾಂಟ್ರಿಯಲ್ ಕಾರ್ಯಕ್ರಮದ ಚಿತ್ರ ಎರಡು ರಾತ್ರಿಗಳನ್ನು ಹೊಲಿದದ್ದು, 1979ರ ‘ಲೈವ್ ಕಿಲ್ಲರ್ಸ್’ ಆಲ್ಬಮ್ ಅಂತೂ ಒಂದಿಡೀ ಪ್ರವಾಸದ ಹಲವು ರಾತ್ರಿಗಳದ್ದು. ‘ಆ ಒಂದು ರಾತ್ರಿ’ ಎಂದು ವಾದಿಸುವವರು ಇದನ್ನು ಮರೆಯುತ್ತಾರೆ.

ಕೊನೆಯದು ವೇಗ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25 ಫ್ರೇಮಿನ ಟಿವಿ ಪದ್ಧತಿಗೆ ಹಾಗೇ ಏರಿಸಿದರೆ ಶ್ರುತಿ ಸುಮಾರು 0.7 ಅರ್ಧಸ್ವರ ಮೇಲೇರುತ್ತದೆ, ದನಿ ಸುಳ್ಳೇ ಹೊಳೆಯುತ್ತದೆ. ಕದ್ದು ಮಾಡಿದ ಟೇಪುಗಳಲ್ಲಿ ಇನ್ನೂ ಹೆಚ್ಚು ತಪ್ಪಿರಬಹುದು. ಪರೀಕ್ಷೆ ಸುಲಭ: ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಪಿಯಾನೋದ ಸ್ವರಗಳನ್ನು ನೋಡಿ. ‘ಸಮ್‌ಬಡಿ ಟು ಲವ್’ ಎ-ಫ್ಲಾಟ್ ಮೇಜರ್‌ನಲ್ಲಿದೆ. ನಿಮ್ಮ ವಿಡಿಯೋದಲ್ಲಿ ಅದು ಎ ಹತ್ತಿರ (ಅಂದರೆ ಅರ್ಧಸ್ವರ ಮೇಲೆ) ತೋರಿಸಿದರೆ ಪ್ಲೇಯರ್‌ನಲ್ಲಿ ವೇಗವನ್ನು 0.94ಕ್ಕೆ ಇಳಿಸಿ, ಶ್ರುತಿ ಹಾಗೇ ಉಳಿಸುವ ಆಯ್ಕೆಯನ್ನು ತೆಗೆದುಹಾಕಿ, ಆಮೇಲೆ ಕೇಳಿ.